ಬಿಚ್ಚಬಾರದ ಉಡಿ

ಟ್ರಂಕು ಕಟ್ಟೆಯ ಮೇಲಿಂದ ಉರುಳಿ ಬಿತ್ತು.

ತಾನಾಗಿ ಬಿದ್ದದ್ದಲ್ಲ. ಫೌಜದಾರ ಹಾಲಸಿದ್ದಪ್ಪ ಸಿಟ್ಟಿನಲ್ಲಿ ಹಿಡಿಕೆ ಹಿಡಿದು ಜಗ್ಗಿದ್ದ. ಮುಚ್ಚಳ ತೆರೆದು ಹೆಂಡತಿಯ ಸೀರೆ, ತಾಯಿಯ ಕಂಬಳಿ, ಎಣ್ಣೆಯ ಶೀಸೆ ಎಲ್ಲ ನೆಲಕ್ಕೆ ಚೆಲ್ಲಿದವು. ಕೊನೆಗೆ ಕೆಂಪು ಕುಪ್ಪಸದ ಖಣದಲ್ಲಿ ಕಟ್ಟಿಟ್ಟ ಉಡಿ ಹೊರಳಿ ಬಂದು ನೆಲದ ಕಲ್ಲಿಗೆ ಬಡಿಯಿತು.

ಟಣ್ ಎಂದಿತು.

ಅಕ್ಕಿ ಹಾಗೆ ಸದ್ದು ಮಾಡುವುದಿಲ್ಲ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಯಾವುದೂ ಹಾಗೆ ಸದ್ದು ಮಾಡುವುದಿಲ್ಲ. ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ಮುತ್ತೈದೆಯರು ತವರಿಗೆ ಬಂದ ಅವನ ಹೆಂಡತಿ ದ್ರಾಕ್ಷಾಯಣಿಗೆ ಉಡಿ ತುಂಬಿದಾಗ ಅದರಲ್ಲಿ ಲೋಹದ ಸಾಮಾನು ಒಂದೂ ಇರಲಿಲ್ಲ. ಹಾಲಸಿದ್ದಪ್ಪ ಎದುರಿಗೇ ಕೂತು ಚಹಾ ಕುಡಿಯುತ್ತ ನೋಡಿದ್ದ.

ಅವನು ಬಗ್ಗಲಿಲ್ಲ. ನಿಂತಲ್ಲೇ ನಿಂತ.

ಗಜೇಂದ್ರಗಡದ ಗುಡ್ಡದ ಕೆಳಗಿನ ಹಾಳಗುಡಿಯಿಂದ ಗೇಣುದ್ದದ ಕಂಚಿನ ದೇವಿ ಇವತ್ತು ಬೆಳಿಗ್ಗೆ ಕಾಣೆಯಾಗಿತ್ತು. ಕದ್ದವನು ಇವನೇ ಎಂದು ಹಾಲಸಿದ್ದಪ್ಪ ಹೆಂಡತಿಯ ತಮ್ಮ ಈಶಪ್ಪನನ್ನು ಹಿಡಿಸಿ ಚಾವಡಿಯಲ್ಲಿ ಕೂಡಿಸಿದ್ದ.

ದ್ರಾಕ್ಷಾಯಣಿ ತಮ್ಮನಿಗೆ ರೊಟ್ಟಿ ಕಟ್ಟಿಕೊಂಡು ಚಾವಡಿಗೆ ಹೋಗಿದ್ದಳು. ಹೋಗುವಾಗ ಗಂಡನ ಮುಖ ನೋಡಿರಲಿಲ್ಲ. ಅವಳ ತಾಯಿ ಗಾಳೆವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಹರಿದ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು.

ಆ ಎಳೆ ಹರಿದವನೂ ಅಳಿಯನೇ. ಬೆಳಿಗ್ಗೆ ಶೋಧ ಮಾಡುವಾಗ ಮಗ್ಗದ ಕುಣಿಯೊಳಗೆ ಬಡಿಗೆ ಹಾಕಿ ಕೆದಕಿದ್ದ. ಅರ್ಧ ನೆಯ್ದ ಸೀರೆ, ಕೆಂಪು ಸೆರಗಿನದು, ಅಡ್ಡಕ್ಕೆ ಹರಿದಿತ್ತು. ಮುದುಕಿ ಒಂದು ಮಾತು ಆಡಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು; ತಿರುಗಿ ಬಯ್ಯಲು ಅವನಿಗೊಂದು ದಾರಿ ಸಿಗುತ್ತಿತ್ತು.

ಹಾಲಸಿದ್ದಪ್ಪ ಬಗ್ಗಿ ಉಡಿಯನ್ನು ಎತ್ತಿದ. ಕಲ್ಲಿನಂತೆ ವಜ್ಜೆಯಾಗಿತ್ತು. ಖಣದ ನಾಲ್ಕೂ ತುದಿ ಸೇರಿಸಿ ಹಾಕಿದ್ದ ಗಂಟನ್ನು ಬೆಳಕಿಗೆ ಹಿಡಿದು ನೋಡಿದ.

ಅದು ಅವನಿಗೆ ಗುರುತಿನ ಗಂಟು.

*

ಅವನು ಬಂದದ್ದು ಕಳ್ಳರನ್ನು ಹಿಡಿಯಲಿಕ್ಕಲ್ಲ. ಹುಬ್ಬಳ್ಳಿಯಿಂದ ರಜೆ ಹಾಕಿ ಹೆಂಡತಿಯನ್ನೂ ತಾಯಿ ಅಡಿವೆವ್ವನನ್ನೂ ಕರೆದುಕೊಂಡು ಬಂದಿದ್ದ. ತಾಯಿಗೆ ಗುಡಿ ನೋಡುವ ಆಸೆ. ಕಾಲಕಾಲೇಶ್ವರಕ್ಕೆ ಹೋಗಿ ಬಂದರು. ಸೂಡಿಯ ಹೊಂಡದಲ್ಲಿ ಕಾಲು ತೊಳೆದರು. ಮೊನ್ನೆ ಗಾಳೆವ್ವ, ಈಶಪ್ಪರೊಂದಿಗೆ ಬುತ್ತಿ ಕಟ್ಟಿಕೊಂಡು ಹಾಳಗುಡಿಗೆ ಹೋದರು. ಸೊಲ್ಲಾಪುರದ ಫೋಟೋದ ರಾಯರೂ ಜೊತೆಗೆ ಬಂದಿದ್ದರು. ಕಾರ್ತೀಕದಲ್ಲಿ ಒಮ್ಮೆ ಬಂದು ದೇವಿಯ ಫೋಟೋ ತೆಗೆದು, ಅಳತೆ ಹಿಡಿದುಕೊಂಡು ಹೋದವರು. ಈಗ ಮತ್ತೆ ಬಂದು ಗೌಡರ ಮನೆಯಲ್ಲಿ ಇಳಿದಿದ್ದರು. ಯಾವ ಕಂಬ ಯಾವ ರಾಜನ ಕಾಲದ್ದು ಎಂದು ಅವರು ಹೇಳುತ್ತಿದ್ದರೆ ಹಾಲಸಿದ್ದಪ್ಪ ತಲೆ ಆಡಿಸುತ್ತಿದ್ದ. ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲ ಎನ್ನಲು ನಾಚಿಕೆ.

ಆ ಗುಡಿಗೆ ಚಾವಣಿ ಅರ್ಧ ಇಲ್ಲ. ಗರ್ಭಗುಡಿಗೆ ಕೀಲಿ ಇಲ್ಲ. ಬಾಗಿಲಿಗೊಂದು ಹಗ್ಗ ಕಟ್ಟಿರುತ್ತಾರೆ, ಅಷ್ಟೇ. ಈಶಪ್ಪ ಹಗ್ಗ ಬಿಚ್ಚಿ ದೇವಿಯನ್ನು ತೋರಿಸಿದ್ದ. ದೇವಿಯ ಎಡಪಾದದಲ್ಲಿ ಬೆರಳೇ ಇರಲಿಲ್ಲ. ಎಷ್ಟೋ ತಲೆಮಾರಿನ ನೇಕಾರರ ಹೆಣ್ಣುಮಕ್ಕಳು ಮುಟ್ಟಿ ಮುಟ್ಟಿ ಬಾಯಲ್ಲಿ ಚೀಪಿದ ಬೆಲ್ಲದ ಹಾಗೆ ಸವೆದು ನುಣ್ಣಗಾಗಿತ್ತು.

ದ್ರಾಕ್ಷಾಯಣಿ ಆ ಪಾದದ ಮೇಲೆ ಕೈ ಇಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಮದುವೆಯಾಗಿ ವರ್ಷಗಳಾಗಿದ್ದವು, ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಎಲ್ಲರೂ ಬೇರೆ ಕಡೆ ನೋಡಿದರು. ಹಾಲಸಿದ್ದಪ್ಪ ಬೀಡಿ ಹಚ್ಚಲು ಹೊರಗೆ ಹೋದ.

ಇವತ್ತು ಬೆಳಿಗ್ಗೆ, ಊರು ಬಿಡುವ ಮುಂಚೆ ಕೈಮುಗಿದು ಬರೋಣವೆಂದು ಅವನೊಬ್ಬನೇ ಗುಡಿಗೆ ಹೋಗಿದ್ದ. ಬಾಗಿಲಿಗೆ ಹಗ್ಗ ಕಟ್ಟಿತ್ತು. ಒಳಗೆ ಪೀಠ ಬರಿದಾಗಿತ್ತು.

ಅವನು ಒದರಿದ. ಊರು ಒದರಲಿಲ್ಲ. ಅದೇ ಅವನಿಗೆ ಸಂಶಯ ತಂದದ್ದು.

"ಇರಲಿ ಬಿಡ್ರಿ ಸಾಹೇಬ್ರ," ಎಂದ ಒಬ್ಬ ಮುದುಕ ನೇಕಾರ. "ಆಕಿ ಹೋದಂಗ ಹೋಗತಾಳ, ಬಂದಂಗ ಬರತಾಳ."

"ಬರತಾಳಂತ! ದೇವ್ರು ಕಳವಾದ್ರ ಹಿಂಗ ಮಾತಾಡತಾರೇನು? ಇಡೀ ಓಣೀನ ಕೂಡೇತಿ ಇದ್ರಾಗ!"

ದ್ರಾಕ್ಷಾಯಣಿಯೂ ತೋಳು ಹಿಡಿದು "ಬಿಡ್ರಿ, ನಿಮಗ ತಿಳಿಯಂಗಿಲ್ಲ, ಬಿಡ್ರಿ" ಎಂದಿದ್ದಳು. ತಿಳಿಯುವುದಿಲ್ಲ ಎಂದರೆ ಅವನಿಗೆ ಬೆಂಕಿ ಬೀಳುತ್ತಿತ್ತು. ಕೈ ಕೊಡವಿಕೊಂಡ.

ಬಾಗಿಲಿನ ಹಗ್ಗವನ್ನು ಎತ್ತಿ ಓಣಿಗೆಲ್ಲ ತೋರಿಸಿದ. ಹರಿದ ಎಳೆ ಕೂಡಿಸಲು ನೇಕಾರರು ಹಾಕುವ ಚಿಕ್ಕ ಚಪ್ಪಟೆ ಗಂಟು ಅದರಲ್ಲಿತ್ತು. ಮೊನ್ನೆ ಈಶಪ್ಪ ಇದೇ ಗಂಟು ಹಾಕಿದ್ದನ್ನು ಅವನು ಕಂಡಿದ್ದ. ನಸುಕಿನಲ್ಲಿ ಈಶಪ್ಪ ಗುಡ್ಡದ ಕಡೆಯಿಂದ ಇಳಿದು ಬಂದದ್ದನ್ನು ನೋಡಿದವರೂ ಇದ್ದರು.

"ಮನಷ್ಯಾ ಸುಳ್ಳು ಹೇಳತಾನ," ಎಂದು ಹಾಲಸಿದ್ದಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. "ಗಂಟು ಸುಳ್ಳು ಹೇಳಂಗಿಲ್ಲ."

"ಹೌದ್ರಿ ಮಾಮಾ, ನಾನ ಕಟ್ಟೇನಿ," ಎಂದ ಈಶಪ್ಪ.

"ದೇವಿ ಎಲ್ಲಿ?"

"ಅದನ್ನ ಹೇಳಂಗಿಲ್ಲ."

ಆಗ ಅವನ ಕಪಾಳಕ್ಕೆ ಹೊಡೆದದ್ದು. ಓಣಿಯ ನಡುವೆ, ತಾಯಿ ಅಕ್ಕ ನೋಡುತ್ತಿರುವಾಗ. ಹುಡುಗನಲ್ಲ ಅವನು, ಮೀಸೆ ಬಂದ ಗಂಡಸು. ಕೆನ್ನೆಯ ಮೇಲೆ ಕೈಯನ್ನೂ ಇಟ್ಟುಕೊಳ್ಳಲಿಲ್ಲ.

ಆಮೇಲೆ ಶೋಧ. ಅವನೂ ಗೌಡನ ಆಳುಗಳೂ ನೇಕಾರರ ಮನೆ ಮನೆ ಹೊಕ್ಕು ಗಡಿಗೆ ಮಗುಚಿದರು, ಕಾಳು ತುಂಬುವ ಹಗೇವಿನಲ್ಲಿ ಇಳಿದರು. ಮಧ್ಯಾಹ್ನದ ಬಸ್ಸಿಗೆ ಫೋಟೋದ ರಾಯರು ಹೊರಟಾಗ ಗೌಡ ಕಳಕಪ್ಪ ಅವರ ಪೆಟ್ಟಿಗೆಯ ಮೇಲೂ ಕೈ ಇಟ್ಟ. "ಕೈ ತಗೀರಿ ಗೌಡ್ರ! ಓದಿದ ಮಂದಿ ಅವ್ರು!" ಎಂದು ಹಾಲಸಿದ್ದಪ್ಪನೇ ಗದರಿಸಿ, ತಾನೇ ಹೆಗಲು ಕೊಟ್ಟು ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಏರಿಸಿದ್ದ. ನೇಕಾರರು ಸುಮ್ಮನೆ ನಿಂತು ನೋಡಿದ್ದರು.

*

"ಅವ್ವಾ."

ಅಡಿವೆವ್ವ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಬಸ್ಸು ಬಂತೇನೋ? ಈ ಸಾಮಾನೆಲ್ಲ ಯಾಕ ಚೆಲ್ಲೀದಿ?"

"ಈ ಉಡಿ ಯಾರು ಬಿಚ್ಚಿದ್ರು?"

"ಉಡಿ ಯಾರರೆ ಬಿಚ್ಚತಾರೇನು? ಊರು ಮುಟ್ಟಿ ದೇವರ ಜಗಲಿ ಮುಂದ ಬಿಚ್ಚಬೇಕು. ಫೌಜದಾರ ಆಗೀದಿ, ಅಷ್ಟೂ ತಿಳಿಯಂಗಿಲ್ಲ ನಿನಗ."

"ನಿನ್ನೆ ಅತ್ತಿ ಕಟ್ಟಿದಾಗ ನೇಕಾರರ ಗಂಟಿತ್ತು. ಇದು ಬ್ಯಾರೆ."

"ಗಂಟು ಗಂಟಿನಂಗ ಇರತೈತಿ."

"ಇದು ಎತ್ತಿನ ಕಣ್ಣಿ ಹಗ್ಗಕ್ಕ ಹಾಕೂ ಗಂಟು ಅವ್ವಾ. ಈ ಓಣ್ಯಾಗ ಎತ್ತು ಕಟ್ಟಿದಾಕಿ ನೀ ಒಬ್ಬಾಕಿ."

ಅವನ ಅಪ್ಪನೂ ಹುಟ್ಟಿನಿಂದ ನೇಕಾರನೇ. ಮಗ್ಗ ಮಾರಿ ಯಾವಗಲ್ ಊರಿನಲ್ಲಿ ಹೊಲ ಹಿಡಿದು ಎತ್ತು ಕಟ್ಟಿದವನು. ಆ ಮನೆಯಲ್ಲಿ ಜೋಳದ ಚೀಲಕ್ಕೂ ಅದೇ ಗಂಟು, ಬುತ್ತಿಗೂ ಅದೇ ಗಂಟು. ಸಾಲೆಗೆ ಹೋಗುವಾಗ ಪಾಟಿಚೀಲಕ್ಕೆ ಅವ್ವ ಹಾಕುತ್ತಿದ್ದದ್ದೂ ಅದೇ. ಅದನ್ನು ಬಿಚ್ಚಲು ಅವನಿಗೆ ಕಣ್ಣು ಬೇಕಿರಲಿಲ್ಲ.

ಅಡಿವೆವ್ವ ಬಾಗಿಲಿಗೆ ಹೋಗಿ ಓಣಿಯನ್ನು ನೋಡಿ ಬಂದಳು. ಕದ ಮುಂದೆ ಮಾಡಿದಳು.

"ಸಣ್ಣ ದನಿಲೆ ಮಾತಾಡೋ, ಮೂಳಾ. ದ್ರಾಕ್ಷಾಯಣಿ ಕಿವಿಗೆ ಬಿದ್ದರ ಎಲ್ಲಾ ಕೆಡತೈತಿ."

"ಅಂದ್ರ ನೀನ..."

"ಹ್ಞೂಂ. ನಾನ. ನಸಿಕಿನ್ಯಾಗ ಹೋಗಿ ಸೆರಗಿನಾಗ ಮುಚ್ಚಿಕೊಂಡು ತಂದೆ. ಏನ್ ಮಾಡ್ತಿ? ನನಗೂ ಕಪಾಳಕ್ಕ ಬಿಡ್ತಿ?"

ಹಾಲಸಿದ್ದಪ್ಪ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬರಿ ಉಡಿ ಇದ್ದಾಕಿಗೆ ದೇವಿನ್ನ ಕದ್ದು ತಂದು ಉಡ್ಯಾಗ ಇಡಬೇಕು. ಕದಿಯಾಕಿ ಅತ್ತೀನ ಆಗಬೇಕು. ಉಡಿ ಆಕಿದು, ಆಕಿಗೇ ತಿಳೀಬಾರದು. ತೊಟ್ಟಿಲು ಕಟ್ಟಿದ ಮ್ಯಾಲೆ ಹಸರು ಸೀರಿ ಉಡಿಸಿ ತಿರುಗಿ ತಂದು ಇಡೂದು. ಅಲ್ಲೀತನಾ ಯಾರೂ ಕೇಳಂಗಿಲ್ಲ, ಯಾರೂ ಹೇಳಂಗಿಲ್ಲ." ಮುದುಕಿಯ ದನಿ ಸಣ್ಣದಾಯಿತು. "ನಾ ಕುಂಕುಮ ಅಳಿಸಿದಾಕಿ. ಸೊಸಿ ಉಡಿ ತುಂಬಾಕ ನನಗ ಹಕ್ಕಿಲ್ಲ. ಕದಿಯಾಕರೆ ಐತೆಲ್ಲ ಅಂತ ಖುಷಿ ಆಗಿತ್ತೋ."

"ಯಾರು ಹೇಳಿದ್ರು ಇದನ್ನ ನಿನಗ?"

ಅಡಿವೆವ್ವ ಮಗ್ಗದ ಕಡೆ ನೋಡಿದಳು.

ಗಾಳೆವ್ವ ತಲೆ ಎತ್ತಲಿಲ್ಲ. ಒಂದು ಎಳೆಯನ್ನು ಬೆರಳಲ್ಲಿ ಹೊಸೆದು, ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದಳು.

"ನಾನ ಹೇಳೇನ್ರಿ ಅಳಿಯಾರ. ಮೊನ್ನೆ ಗುಡ್ಯಾಗ, ನೀವು ಬೀಡಿ ಸೇದಾಕ ಹೋಗಿದ್ರಿ."

"ನಿಮಗ ಗೊತ್ತಿತ್ತು? ನಿಮ್ಮ ಮಗನ್ನ ಹಿಡಕೊಂಡು ಹೋಗೂ ಮುಂದ?"

"ಗೊತ್ತಿತ್ರಿ."

"ಮತ್ತ ಯಾಕ ಬಾಯಿ ಬಿಡಲಿಲ್ಲ!"

"ಬಿಟ್ಟಿದ್ರ ಮಗಳ ಉಡಿ ಬರಿದಾಗತಿತ್ತು. ಈಶ್ಯಾ ಜೇಲಿಗೆ ಹೋದ್ರ ಒಂದಿನ ತಿರುಗಿ ಬರತಾನ." ಅವಳು ಇನ್ನೊಂದು ಎಳೆ ಹುಡುಕಿದಳು. "ನಿಮ್ಮವ್ವ ಗಡಿಬಿಡ್ಯಾಗ ಕದಾ ಹಾರು ಹೊಡದು ಬಂದಿದ್ರು. ನಾಯಿ ಹೊಕ್ಕಾವು ಅಂತ ಅಂವ ಹೋಗಿ ಕಟ್ಟಿ ಬಂದ. ಅದ ನಿಮಗ ಸಾಕ್ಷಿ ಆತು."

"ಓಣಿ ಮಂದಿ?"

"ಯಾರದೋ ಉಡಿಗೆ ಹೋಗ್ಯಾಳ ಅಂತ ಎಲ್ಲಾರಿಗೂ ತಿಳಿದಿತ್ರಿ. ಯಾರ ಉಡಿ ಅಂತ ಕೇಳೂದು ನಮ್ಮಲ್ಲಿ ಪದ್ಧತಿ ಅಲ್ಲ. ನೀವು ಮಗ್ಗಕ್ಕ ಬಡಿಗಿ ಹಾಕಿದ್ರೂ, ಒಲಿ ಬೂದಿ ಕೆದರಿದ್ರೂ ಸುಮ್ಮನಿದ್ರು. ಯಾವ ಹೆಣ್ಣಮಗಳ ಸಲುವಾಗಿ ಅಂತ ತಿಳೀದನ ಸುಮ್ಮನಿದ್ರು."

ಅವಳು ಬೈದಿರಲಿಲ್ಲ. ಆದರೂ ಹಾಲಸಿದ್ದಪ್ಪನಿಗೆ ಆ ಇಡೀ ಓಣಿಯ ಮುಂದೆ ಬರಿಮೈಯಲ್ಲಿ ನಿಂತ ಹಾಗಾಯಿತು. ಅವನು ಕಳ್ಳರನ್ನು ಕಂಡಿದ್ದ, ಕೊಲೆಗಡುಕರನ್ನು ಕಂಡಿದ್ದ. ಹೊಡೆದರೂ ಬಾಯಿ ಬಿಡದವನು ಪಕ್ಕಾ ಬದಮಾಶ ಎಂದು ಎಷ್ಟೋ ಸಲ ಹೇಳಿದ್ದ. ಆ ಹುಡುಗ ಬಾಯಿ ಬಿಡದೆ ಇದ್ದದ್ದು ತನ್ನ ಮನೆಯ ತೊಟ್ಟಿಲಿಗಾಗಿ.

ಬಲಗೈಯ ಅಂಗೈ ಇನ್ನೂ ಬಿಸಿ ಇದ್ದಂತೆ ಅನ್ನಿಸಿತು. ಧೋತರಕ್ಕೆ ಒರೆಸಿಕೊಂಡ.

*

ನಾಚಿಕೊಂಡು ಕೂತರೆ ಈಶಪ್ಪ ಉಳಿಯುತ್ತಿರಲಿಲ್ಲ. ಗೌಡ ರೋಣಕ್ಕೆ ಸುದ್ದಿ ಕಳಿಸಿದ್ದ. ಅಲ್ಲಿಯ ಪೊಲೀಸರು ಯಾವ ಗಳಿಗೆಯಲ್ಲಾದರೂ ಬರಬಹುದು. ಒಮ್ಮೆ ರೋಣದ ಠಾಣೆ ಮುಟ್ಟಿದರೆ ಈಶಪ್ಪ ಕಳ್ಳನೇ. ಹುಬ್ಬಳ್ಳಿಯ ಫೌಜದಾರನ ಮಾತಿಗಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗುವುದಿಲ್ಲ.

"ನಾ ಇದನ್ನ ಗುಡ್ಯಾಗ ಇಟ್ಟ ಬರತೇನಿ," ಎಂದ. "ದೇವಿ ತಾನ ಬಂದಾಳ ಅಂತೇನಿ. ತಪ್ಪು ನಂದು ಅಂತೇನಿ. ಅಂವ ಬಿಡುಗಡೆ ಆಗತಾನ, ನಿನ್ನ ಹೆಸರೂ ಬರಂಗಿಲ್ಲ."

"ಉಡಿ ಬಿಚ್ಚಬ್ಯಾಡೋ!" ಅಡಿವೆವ್ವ ಅವನ ಕೈ ಹಿಡಿದಳು. "ನಿನ್ನ ಕಾಲಿಗೆ ಬೀಳತೇನಿ. ಅದನ್ನ ತಗದಿ ಅಂದ್ರ ಮತ್ತ..."

"ಒಬ್ಬನ ಬಾಳೇವು ಹೊಂಟೈತಿ ಅವ್ವಾ!"

"ಬಿಚ್ಚಲಿ ಬಿಡ್ರಿ, ಬೀಗರ," ಎಂದಳು ಗಾಳೆವ್ವ. ಅವಳ ಕೈ ಮೊದಲ ಸಲ ನಿಂತಿತ್ತು. "ನನಗೂ ಒಬ್ಬನ ಮಗ ಇರೂದು."

ಹಾಲಸಿದ್ದಪ್ಪ ಒಂದು ತುದಿ ಎಳೆದ. ಗಂಟು ಬಿಚ್ಚಿಕೊಂಡಿತು.

ಅಕ್ಕಿಯೊಳಗೆ, ಕೊಬ್ಬರಿ ಬಟ್ಟಲಿನ ಕೆಳಗೆ, ದೇವಿ ಮಲಗಿದ್ದಳು. ಅವನು ಎರಡೂ ಕೈಯಿಂದ ಎತ್ತಿ, ರೂಢಿಯಂತೆ ಎಡಪಾದಕ್ಕೆ ಹಣೆ ಮುಟ್ಟಿಸಿದ.

ಹಣೆಗೆ ಚುಚ್ಚಿತು.

ಅವನು ಹಿಂದೆ ಸರಿದು ನೋಡಿದ. ಬೆಳಕಿಂಡಿಯ ಕೆಳಗೆ ಹೋಗಿ ಮತ್ತೆ ನೋಡಿದ. ಎಡಪಾದದಲ್ಲಿ ಐದೂ ಬೆರಳಿದ್ದವು. ಹೆಬ್ಬೆರಳಿಗೆ ಉಗುರೂ ಇತ್ತು. ಉಗುರಿನ ಅಂಚು ಹೊಸದಾಗಿ ಸಾಣೆ ಹಿಡಿದದ್ದು, ಚೂಪಾಗಿತ್ತು.

ಪೀಠವನ್ನು ಹೊರಳಿಸಿದ. ಅಡಿಯಲ್ಲಿ ಅರದಿಂದ ಉಜ್ಜಿದ ಗೀರುಗಳು. ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿದ. ಹಳೆಯ ಕಂಚಿನ ಹಸಿರು ಬಣ್ಣ ಎದ್ದು ಬಂತು. ಕೆಳಗೆ ಹಳದಿ ಹಿತ್ತಾಳೆ ಮಿಂಚಿತು.

"ಅವ್ವಾ, ಗುಡ್ಯಾಗಿಂದ ನೀ ತಂದದ್ದು ಇದನ್ನ ಹೌದಲ್ಲ?"

"ಮತ್ತೇನು? ಕದ್ದ ದೇವ್ರನ್ನ ನೋಡಬಾರದಂತ. ಕಣ್ಣು ಮುಚ್ಚಿ ಎತ್ತಿದೆ, ಸೆರಗು ಮುಚ್ಚಿದೆ, ಅಕ್ಯಾಗ ಇಟ್ಟೆ. ಯಾಕೋ?"

ಗಾಳೆವ್ವ ಕುಣಿಯಿಂದಲೇ ಕೈ ಚಾಚಿದಳು. ಅವಳ ಬೆರಳು ಮುಖವನ್ನು ಮುಟ್ಟಲಿಲ್ಲ, ಕಿರೀಟವನ್ನು ಮುಟ್ಟಲಿಲ್ಲ, ನೇರ ಎಡಪಾದಕ್ಕೆ ಹೋಯಿತು. ಹೋದ ಬೆರಳು ಸುಟ್ಟಂತೆ ಹಿಂದೆ ಬಂತು.

"ಇದು ನಮ್ಮವ್ವ ಅಲ್ರಿ," ಎಂದಳು.

ಅಡಿವೆವ್ವ ಕದ್ದದ್ದು ದೇವಿಯನ್ನಲ್ಲ. ಅವಳು ಹೋಗುವ ಮುಂಚೆಯೇ ದೇವಿಯನ್ನು ಯಾರೋ ಒಯ್ದು ಈ ಗೊಂಬೆಯನ್ನು ಇಟ್ಟಿದ್ದರು. ನೋಡಿ ಮಾಡಿಸಿದ್ದು, ಅಳತೆ ಹಿಡಿದು ಮಾಡಿಸಿದ್ದು. ಆದರೆ ಫೋಟೋದಲ್ಲಿ ಸವೆದ ಪಾದ ಕಾಣುವುದಿಲ್ಲ. ದೇವಿಯ ಮುಂದೆ ಹೂವಿನ ರಾಶಿ ಇರುತ್ತದೆ.

ಮಧ್ಯಾಹ್ನ ಪೆಟ್ಟಿಗೆಗೆ ಹೆಗಲು ಕೊಟ್ಟಾಗ "ಭಾಳ ವಜ್ಜ ಐತೆಲ್ರಿ ರಾಯರ" ಎಂದು ಹಾಲಸಿದ್ದಪ್ಪ ನಕ್ಕಿದ್ದ. "ಗಾಜು ಅದಾವ್ರಿ, ಮೆತ್ತಗ ಇಡ್ರಿ" ಎಂದು ರಾಯರೂ ನಕ್ಕಿದ್ದರು. ಅವನು ಮೆತ್ತಗೇ ಇಟ್ಟಿದ್ದ. ಮೇಲೆ ತನ್ನ ಟವೆಲ್ಲು ಹೊದಿಸಿ, "ಫೌಜದಾರರ ಸಾಮಾನು ಅಂತ ತಿಳಕೊ, ಯಾರೂ ಮುಟ್ಟಬಾರದು" ಎಂದು ಕಂಡಕ್ಟರನಿಗೆ ತಾಕೀತು ಮಾಡಿದ್ದ.

ಆ ಬಸ್ಸು ಹೊಳೆಆಲೂರಿನ ಸ್ಟೇಷನ್ನಿಗೆ ಹೋಗುವುದು. ಸೊಲ್ಲಾಪುರದ ಕಡೆಯ ಗಾಡಿ ಸಂಜೆಗೆ.

ಇನ್ನು ಈ ಹಿತ್ತಾಳೆಯನ್ನು ಗುಡಿಯಲ್ಲಿ ಇಟ್ಟು ಬರುವ ಹಾಗೂ ಇರಲಿಲ್ಲ. ಮೊದಲು ಬಂದ ಹೆಂಗಸೇ ಪಾದ ಮುಟ್ಟಿ ಕೂಗುತ್ತಾಳೆ. ಆಗ ಈಶಪ್ಪ ದೇವಿಯನ್ನು ಕದ್ದವನಷ್ಟೇ ಅಲ್ಲ, ಮಾರಿಕೊಂಡವನೂ ಆಗುತ್ತಾನೆ.

ಹೊರಗೆ ಮೋಟಾರಿನ ಸದ್ದಾಯಿತು. ಯಾರೋ ಓಣಿಯಲ್ಲಿ ಓಡಿದರು. "ಗಾಳೆವ್ವಾ! ರೋಣದವ್ರು ಬಂದ್ರು! ಈಶಪ್ಪನ್ನ ಒಯ್ಯಾಕತ್ತಾರ!"

ಗಾಳೆವ್ವ ಎಳೆಗಳನ್ನು ಬಿಟ್ಟು ಕುಣಿಯಿಂದ ಎದ್ದಳು. ಸೆರಗು ಸಹ ಸರಿಮಾಡಿಕೊಳ್ಳದೆ ಕದ ತೆಗೆದು ಓಡಿದಳು. ಅಡಿವೆವ್ವ ಅವಳ ಹಿಂದೆ.

ಹಾಲಸಿದ್ದಪ್ಪ ಗೊಂಬೆಯನ್ನು ಅಕ್ಕಿಯೊಳಗೆ ತುರುಕಿದ. ಖಣದ ತುದಿಗಳನ್ನು ಎಳೆದು, ಕೈಗೆ ರೂಢಿಯಾದ ಎತ್ತಿನ ಗಂಟನ್ನೇ ಹಾಕಿದ. ಉಡಿಯನ್ನು ಬಗಲಲ್ಲಿ ಇರುಕಿಕೊಂಡು ಬಾಗಿಲಿಗೆ ಬಂದ.

ಈಶಪ್ಪನನ್ನು ಮನೆಯ ಮುಂದಿನಿಂದಲೇ ತಂದರು. ಕೈಗೆ ಹಗ್ಗ ಕಟ್ಟಿದ್ದರು. ಎಡಗೆನ್ನೆ ಬಾತಿತ್ತು. ಪಕ್ಕದಲ್ಲಿ ದ್ರಾಕ್ಷಾಯಣಿ ಬರುತ್ತಿದ್ದಳು. ರೊಟ್ಟಿ ಕಟ್ಟಿದ ಅರಿವೆ ಅವಳ ಕೈಯಲ್ಲಿ ಹಾಗೇ ಇತ್ತು, ಅವನು ಉಂಡಿರಲಿಲ್ಲ.

ತಾಯಿಯ ಕಾಲು ಮುಟ್ಟಲಿ ಎಂದು ಪೊಲೀಸರು ಅವನನ್ನು ನಿಲ್ಲಿಸಿದರು. ಬಗ್ಗಿ ಎದ್ದವನು ಭಾವನ ಬಗಲಲ್ಲಿದ್ದ ಕೆಂಪು ಖಣವನ್ನು ಕಂಡ. ಮುಖದಲ್ಲಿ ಒಂದು ಗಾಬರಿ ಹಾದು ಹೋಯಿತು.

"ಮಾಮಾ," ಎಂದ ಮೆಲ್ಲಗೆ, "ಅಕ್ಕನ ಉಡಿ ಹಂಗ ಐತೆಲ್ರಿ?"

ಓಣಿಯ ಮಂದಿಯೆಲ್ಲ ನೆಲ ನೋಡಿದರು.

"ಐತೋ," ಎಂದ ಹಾಲಸಿದ್ದಪ್ಪ.

ಈಶಪ್ಪ ನಕ್ಕ. ಬಾತ ಕೆನ್ನೆಯಿಂದ ನಗು ಒಂದೇ ಕಡೆಗೆ ಬಂತು. "ಮತ್ತೇನಿಲ್ಲ ಬಿಡ್ರಿ," ಎಂದು ಪೊಲೀಸರ ಕಡೆ ತಿರುಗಿದ.

ಆ ನಗುವನ್ನು ಹಾಲಸಿದ್ದಪ್ಪ ತಾಳಲಾರದೆ ಹೋದ. ನಿಲ್ಲಿಸಿರಿ ಎಂದು ಒದರಲು ಬಾಯಿ ತೆರೆದ. ಒದರಿದರೆ ಉಡಿಯನ್ನು ಎಲ್ಲರ ಮುಂದೆ ಬಿಚ್ಚಬೇಕು. ತಾಯಿ ಕಳ್ಳಿ, ಹೆಂಡತಿಯ ಉಡಿಯಲ್ಲಿ ಹಿತ್ತಾಳೆ. ಒದರದಿದ್ದರೆ ಈ ಹುಡುಗ ಒಂದು ಹಿತ್ತಾಳೆಯ ಗೊಂಬೆಗಾಗಿ ಜೇಲಿಗೆ ಹೋಗುತ್ತಾನೆ, ನಗುತ್ತ ಹೋಗುತ್ತಾನೆ.

ಅಷ್ಟರಲ್ಲಿ ದ್ರಾಕ್ಷಾಯಣಿ ಮುಂದೆ ಬಂದು ಕೈ ಚಾಚಿದಳು.

"ನನ್ನ ಉಡಿ ಇಲ್ಲೆ ಕೊಡ್ರಿ. ಟ್ರಂಕಿನಾಗ ಇಟ್ಟಿದ್ದೆ, ನಿಮ್ಮ ಕೈಯಾಗ ಯಾಕ ಬಂತು?"

ಅವನು ಕೊಡಲಿಲ್ಲ. ಅವಳೇ ತೆಗೆದುಕೊಂಡಳು. ಎದೆಗೆ ಒತ್ತಿಕೊಳ್ಳಲು ಹೋದವಳ ಹೆಬ್ಬೆರಳು ಗಂಟಿನ ಮೇಲೆ ನಿಂತಿತು. ಮಗ್ಗದ ಮನೆಯಲ್ಲಿ ಹುಟ್ಟಿದ ಹೆಣ್ಣಿನ ಹೆಬ್ಬೆರಳು ಅದು.

ಅವಳು ಗಂಟನ್ನು ನೋಡಿದಳು. ತಮ್ಮನ ಕೈಗೆ ಕಟ್ಟಿದ ಹಗ್ಗವನ್ನು ನೋಡಿದಳು. ಆಮೇಲೆ, ಬೆಳಗಿನಿಂದ ಮೊದಲ ಸಲ, ಗಂಡನ ಮುಖವನ್ನು ನೋಡಿದಳು.

"ಗಂಟು ಸುಳ್ಳು ಹೇಳಂಗಿಲ್ಲ ಅಂದಿದ್ರೆಲ್ಲ," ಎಂದಳು. ಇಡೀ ಓಣಿಗೆ ಕೇಳಿಸಿತು. "ಇದನ್ನ ಯಾರು ಕಟ್ಟ್ಯಾರ, ನೀವ ಹೇಳ್ರಿ."